ಮೇಜಿನ ಕಾಲಿಗೆ ಐದನೇ ರಟ್ಟು

ಬೆಳಗಿನ ಐದೂವರೆ. ಅಲೆಕ್ಸಾಂಡ್ರಿಯಾದ ಅನ್ಫೂಶಿ ದಡದಲ್ಲಿ ಬಣ್ಣದ ಮೇಸ್ತ್ರಿ ಉಸ್ತಾ ವಗೀಹ್ ದೋಣಿಯೊಂದರ ಹೊಟ್ಟೆಗೆ ನೀರಿನ ಮಟ್ಟದ ಕೆಂಪು ಗೆರೆ ಎಳೆಯುತ್ತಿದ್ದಾರೆ. ದಾರವಿಲ್ಲ, ಅಳತೆಪಟ್ಟಿಯಿಲ್ಲ, ಬರೀ ಕಣ್ಣಂದಾಜು. ದಿನಕ್ಕೆ ಎರಡು ದೋಣಿ, ಮೂವತ್ತೇಳು ವರ್ಷದಿಂದ. ಕುಂಚ ಹಿಡಿದ ಕೈ ಅಲುಗುವುದಿಲ್ಲ. ಆದರೆ ಈಚೆಗೆ ಅವರು ಪದೇ ಪದೇ ಹಿಂತಿರುಗಿ ತಮ್ಮ ಮನೆಯಿರುವ ಬೀದಿಯತ್ತ ನೋಡುತ್ತಾರೆ, ಧೂಳೇನಾದರೂ ಎದ್ದಿತೇ ಎಂದು.

ಹುಡುಗನಾಗಿದ್ದಾಗ ಅವರಿಗೆ ಪುಟಾಣಿ ಹಡಗು ಜೋಡಿಸುವ ಹುಚ್ಚು. ಹದಿನೈದಕ್ಕೆ ಅಪ್ಪ ತೀರಿಕೊಂಡರು, ಕೈಗೆ ಕುಂಚ ಬಂತು, ಹುಚ್ಚು ಬಿಟ್ಟಿತು. ಕಳೆದ ವರ್ಷ ಶುಕ್ರವಾರದ ಸಂತೆಯಲ್ಲಿ ಹರಿದ ಡಬ್ಬಿಯೊಂದು ಸಿಕ್ಕಿತು: ಪ್ಲಾಸ್ಟಿಕ್ಕಿನ ಹಾಯಿಹಡಗು, ಮುನ್ನೂರು ಚಿಲ್ಲರೆ ಬಿಡಿಭಾಗ. "ಅಂಟಿನ ವಾಸನೆ ಮೂಗಿಗೆ ಬಡೀತು ನೋಡಿ, ಕಣ್ಣಲ್ಲಿ ನೀರೇ ಬಂತು," ಎನ್ನುತ್ತಾರೆ. ಹೆಂಡತಿ ಇನ್ಸಾಫ್ ಸುಮ್ಮನಿರುತ್ತಾರೆಯೇ? "ಮೊಮ್ಮಕ್ಕಳನ್ನ ಆಡಿಸೋ ವಯಸ್ಸಲ್ಲಿ ತಾವೇ ಆಡ್ತಾ ಕೂತಿದಾರೆ!"

ನಾಲ್ಕನೇ ಮಹಡಿಯ ಮನೆಯ ಕಿಟಕಿ ಬಳಿ ಮೇಜು. ಹಡಗಿನ ಕಂಬ ಕೂದಲೆಳೆಯಷ್ಟು ಓರೆಯಾದರೂ ಅವರಿಗೆ ಸಹಿಸಲಾಗದು. ಒಂದು ದಿನ ಮೇಜು ಕಡಲಿನ ಕಡೆಗೆ ವಾಲಿದಂತೆ ಕಂಡಿತು. ಕಾಲಿನಡಿ ರಟ್ಟು ತುರುಕಿದರು. ತಿಂಗಳ ನಂತರ ಇನ್ನೊಂದು. ಮತ್ತೆರಡು. ಐದನೆಯದನ್ನು ತುರುಕುವಾಗ ಕೈ ನಿಂತಿತು. ವಾಲುತ್ತಿರುವುದು ಮೇಜಲ್ಲ, ಮನೆ!

"ಇಷ್ಟು ತಿಂಗಳು ಹಡಗನ್ನ ನೆಟ್ಟಗೆ ಮಾಡ್ತಾ ಕೂತಿದ್ದೆ, ತಲೆ ಕೆಟ್ಟೋನು ನಾನು."

ಕಟ್ಟಡದಲ್ಲಿ ಹನ್ನೊಂದು ಸಂಸಾರ. ಮಾಲೀಕ ಫೋನೆತ್ತುವುದಿಲ್ಲ. ಕೆಳಮನೆಯ ಬಹೀಗಾ ನಕ್ಕೇ ನಕ್ಕರು: "ಅಂಟು ಮೂಸಿ ಮೂಸಿ ನಿನ್ನ ತಲೆ ತಿರುಗ್ತಿದೆ ಕಣಯ್ಯಾ, ಮನೆ ಅಲ್ಲ!" ವಗೀಹ್ ಹಡಗಿನ ಪುಟ್ಟ ಪೀಪಾಯಿಯೊಂದನ್ನು ಆಕೆಯ ಅಡುಗೆಮನೆಯ ನೆಲದ ಮೇಲಿಟ್ಟರು. ಅದು ತಾನಾಗಿ ಕಡಲಿನ ಮೂಲೆಗೆ ಉರುಳಿತು. ಮೂರು ಸಲ ಇಟ್ಟರು, ಮೂರು ಸಲವೂ ಅದೇ ಮೂಲೆ. ಬಹೀಗಾ ಒಲೆ ಆರಿಸಿ, ಮೊಮ್ಮಗಳನ್ನು ಎತ್ತಿಕೊಂಡು ಬೀದಿಗಿಳಿದರು.

ಈಗ ಎಂಟು ಸಂಸಾರಗಳು ನೆಂಟರಿಷ್ಟರ ಮನೆ ಸೇರಿವೆ. ಹೋಗಲು ಜಾಗವಿಲ್ಲದ ಮೂರು ಅಲ್ಲೇ ಇವೆ. ವಗೀಹ್ ಅವರದೂ ಅವುಗಳಲ್ಲೊಂದು. "ಮೆಟ್ಟಿಲನ್ನ ಬೆರಳ ತುದೀಲಿ ಇಳೀತೀವಿ. ಯಾರಾದ್ರೂ ಬಾಗಿಲು ದಢಾರ್ ಅನ್ಸಿದ್ರೆ ಜೀವ ಬಾಯಿಗೆ ಬರತ್ತೆ," ಎನ್ನುತ್ತಾರೆ ಇನ್ಸಾಫ್. ಭಾನುವಾರ ಎಂಜಿನಿಯರ್ ಬರುವವರಿದ್ದಾರೆ.

ಅವರು ಬಂದು ಏನು ಹೇಳಬೇಕು ಎಂದು ಕೇಳಿದರೆ ವಗೀಹ್ ಕುಂಚ ಕೆಳಗಿಡುತ್ತಾರೆ.

"ಏನೂ ಆಗಿಲ್ಲ ಹೋಗೋ ಹುಚ್ಚಾ ಅಂತ ಮುಖಕ್ಕೆ ಉಗೀಲಿ. ಇಡೀ ಬೀದಿ ನಗಲಿ. ಈ ಕಣ್ಣು ಇವತ್ತಿನವರೆಗೂ ತಪ್ಪಿಲ್ಲ ಸ್ವಾಮಿ. ಇದೊಂದು ಸಲ ತಪ್ಪಲಿ ದೇವರೇ ಅಂತ ಬೇಡ್ಕೊಳ್ತಿದೀನಿ."