ಅಕ್ಕನ ಕೋಣೆಯ ಹಳದಿ

ಹಸಿ ಸುಣ್ಣಕ್ಕೆ ಮಜ್ಜಿಗೆ ಬಿದ್ದಾಗ ಏಳುವ ಹುಳಿ ವಾಸನೆ ಎಲ್ಲೇ ಮೂಗಿಗೆ ಬಡಿದರೂ ಈಗಲೂ ನಾನು ಅಲ್ಲಿಂದ ಎದ್ದು ಹೊರಗೆ ಹೋಗುತ್ತೇನೆ. ಇರಕಲ್ಲಗಡದ ನಮ್ಮ ಮಣ್ಣಿನ ಮನೆ ಬಿದ್ದು ಬಯಲಾಗಿ ಎಷ್ಟೋ ಕಾಲವಾಯಿತು. ಅಲ್ಲಿದ್ದವರಲ್ಲಿ ಉಳಿದವಳು ನಾನೊಬ್ಬಳೇ. ನಿಜಾಮರ ಕಾಲ ಅದು. ನನ್ನ ಅಕ್ಕ ನೀಲವ್ವನ ಮದುವೆ ಗೊತ್ತಾಗಿತ್ತು. ಅಪ್ಪ ಗಂಗಾವತಿ ಪೇಟೆಯಿಂದ ಹಳದಿ ಬಣ್ಣದ ಪುಡಿ ತಂದು, ಹುರುಪಿನಲ್ಲಿ ಪೊಟ್ಟಣವನ್ನೆಲ್ಲ ಸುಣ್ಣಕ್ಕೆ ಸುರಿದು ಅವಳ ಕೋಣೆಗೆ ಬಳಿಸಿದ್ದ. ಕಣ್ಣು ಕುಕ್ಕುವ ಹಳದಿ! ನೋಡಿದವರೆಲ್ಲ ನಕ್ಕರು, ಅಪ್ಪನೂ ನಕ್ಕ. ವಾರ ತುಂಬುವಷ್ಟರಲ್ಲಿ ಅಕ್ಕನಿಗೆ ಸಿಡುಬು ಎದ್ದಿತು.

ಮೈತುಂಬ ಗುಳ್ಳೆ, ರೆಪ್ಪೆಯ ಮೇಲೂ. ಬೆಳಕಿಂಡಿ ಮುಚ್ಚಿ, ಬಾಗಿಲಿಗೆ ಕೌದಿ ಕಟ್ಟಿದರೂ ಸಂದಿಯಿಂದ ಬಂದ ಚೂರು ಬಿಸಿಲಿಗೇ ಗೋಡೆ ಧಗಧಗಿಸುತ್ತಿತ್ತು. "ಅವ್ವಾ, ಗ್ವಾಡಿ ಕಣ್ಣಾಗ ಚುಚ್ಚತೈತಿ" ಎಂದು ಅಕ್ಕ ನರಳುತ್ತಿದ್ದಳು. ಸಿಡುಬು ಕಣ್ಣಿಗಿಳಿದರೆ ಕಣ್ಣು ಹೋಗುತ್ತದೆಂದು ನನಗೂ ಗೊತ್ತಿತ್ತು. ನಮ್ಮ ಓಣಿಯಲ್ಲೇ ಅಂಥವರಿದ್ದರು. ಆದರೆ ಸಿಡುಬೆಂದರೆ ದೇವಿಯೇ ಮನೆಗೆ ಬಂದಂತೆ. ಅವಳಿರುವಷ್ಟು ದಿನ ಒಗ್ಗರಣೆ ಹಾಕುವಂತಿಲ್ಲ, ಮಲಗಿದವರನ್ನು ಕದಲಿಸುವಂತಿಲ್ಲ, ಸುಣ್ಣ ಬಳಿಯುವಂತಿಲ್ಲ. "ತಾಯಿ ಸಿಟ್ಟಾದ್ರ ಹುಡುಗಿ ಜೀವಾನ ಹೋಗ್ತೈತಿ" ಎಂದು ಅಪ್ಪನ ತಾಯಿ, ನಮ್ಮ ಆಯಿ, ಹಳದಿಯ ಮೇಲೆ ಬಿಳಿ ಬಳಿಯಲು ಹೊರಟ ಅವ್ವನ ಕೈಯಿಂದ ಸುಣ್ಣದ ಗಡಿಗೆ ಕಿತ್ತುಕೊಂಡಳು.

ಮರುದಿನ ಆಯಿಯೇ ಆ ಗಡಿಗೆ ಹೊತ್ತು ತಂದಳು. "ಬಳಿಬಾರ್ದು ಖರೆ. ತಾಯಿಗೆ ಹೂವಿನ ಚಿತ್ತಾರ ಹಾಕಿದ್ರ ಆಕಿ ಯಾಕ ಬ್ಯಾಡಂತಾಳ?" ಎಂದಳು. ತೆಳು ಸುಣ್ಣಕ್ಕೆ ಮಜ್ಜಿಗೆ ಬೆರೆಸಿ, ಒಣಗಿದ ಹೀರೇಕಾಯಿಯ ನಾರನ್ನು ಅದರಲ್ಲಿ ಅದ್ದಿ ಹಿಂಡಿ, ಗೋಡೆಗೆ ಮೆಲ್ಲಗೆ ಒತ್ತಿ ತೆಗೆದಳು. ಒತ್ತಿದಲ್ಲೆಲ್ಲ ಜಾಳುಜಾಳಾದ ಬಿಳಿ ಹೂವು. ಹೂವಿನ ಮೇಲೆ ಹೂವು ಬೀಳುತ್ತ ಬಂದಂತೆ ಹಳದಿ ಹಾಲಿನ ಕೆನೆಯ ಬಣ್ಣಕ್ಕೆ ತಿರುಗಿತು. ಒಂದೊಂದು ಸಲ ಒತ್ತುವಾಗಲೂ ಆಯಿ "ತಪ್ಪಾತವ್ವಾ, ಹೊಟ್ಟ್ಯಾಗ ಹಾಕ್ಕೋ" ಎಂದು ದೇವಿಗೆ ಹೇಳಿಕೊಳ್ಳುತ್ತಿದ್ದಳು. ಆ ಮಾತು ಕೇಳಿಯೇ ನನಗೆ ಹೆಚ್ಚು ಹೆದರಿಕೆಯಾಯಿತು.

ಒಂದು ಗೋಡೆ ಮುಗಿಯಿತು. ಅಕ್ಕ ಅಂಟಿದ ರೆಪ್ಪೆಗಳನ್ನು ಕಷ್ಟಪಟ್ಟು ಬಿಡಿಸಿ, ಎಷ್ಟೋ ದಿನಕ್ಕೆ ನಕ್ಕಳು. "ಆಯೀ, ಗ್ವಾಡಿ ಎಷ್ಟ್ ತಂಪಾತು! ಒಂಚೂರೂ ಚುಚ್ಚವಲ್ದು."

ಅವ್ವ ಕೈಮುಗಿದಳು. ಮುಗಿದ ಕೈ ಹಾಗೆಯೇ ನಿಂತುಬಿಟ್ಟಿತು. ಅಕ್ಕ ಮುಖ ಮಾಡಿ ಮಲಗಿದ್ದು ಆಯಿ ಇನ್ನೂ ಮುಟ್ಟದಿದ್ದ ಹಳದಿ ಗೋಡೆಯ ಕಡೆಗೆ. ಕೌದಿಯ ಸಂದಿಯ ಬಿಸಿಲಿಗೆ ಅದು ಉರಿಯುತ್ತಲೇ ಇತ್ತು.

"ಹೌದು ನನ್ನ ಕೂಸ, ತಂಪಾಗೈತಿ" ಎಂದ ಆಯಿ, ನಾರನ್ನು ಮತ್ತೆ ಸುಣ್ಣದಲ್ಲಿ ಅದ್ದಿಕೊಂಡು ಆ ಗೋಡೆಯತ್ತ ನಡೆದಳು.