ಕಳ್ಳನ ಬಾಯಿಗೆ ಹಾಕಿದ ಮಾತು

ಆ ಕಾರ್ಟೂನಿನ ಹೆಸರೆತ್ತಿದರೆ ಈಗಲೂ ನನಗೆ ವಾಕರಿಕೆ ಬರುತ್ತದೆ. ಅದರಲ್ಲಿ ಗುಂಡು ಹೊಟ್ಟೆಯ ಒಬ್ಬ ಹುಡುಗನಿಗೆ ಮಹಾಶಕ್ತಿ. ಶಕ್ತಿ ಎಲ್ಲಿದೆ ಅಂದರೆ ಮೂಗಿನಲ್ಲಿ. ಅವನು ಹಾರಿಬಂದು ಸೀನಿದರೆ ಹಸಿರು ಸಿಂಬಳ ಹಗ್ಗದ ಹಾಗೆ ಹೊರಬಿದ್ದು ಕಳ್ಳನನ್ನು ಕಟ್ಟಿಹಾಕುತ್ತದೆ. ಪ್ರತಿ ಕಂತಿನಲ್ಲೂ ಸಿಂಬಳ, ಪ್ರತಿ ಕಂತಿನಲ್ಲೂ ಮಕ್ಕಳ ಕೇಕೆ. ನನ್ನ ಮಗಳು ಅನ್ನ ಕಲಸಿದ ಕೈಯನ್ನು ತಟ್ಟೆಯಲ್ಲೇ ಬಿಟ್ಟು ಅದನ್ನು ನೋಡುತ್ತಾಳೆ. ನಾನು ಮುಖ ತಿರುಗಿಸಿಕೊಂಡು ಉಣ್ಣುತ್ತೇನೆ.

ಹೀಗೆ ಅಸಹ್ಯಪಡುವ ಯೋಗ್ಯತೆಯೂ ನನಗಿಲ್ಲ. ಅದರ ಕನ್ನಡ ಮಾತುಗಳನ್ನು ಬರೆದವನು ನಾನೇ. ಬೀದರಿನ ಒಂದು ಶಾಲೆಯಲ್ಲಿ ಪಾಠ ಮಾಡುತ್ತ, ಉಳಿದ ಹೊತ್ತಿನಲ್ಲಿ ಬೆಂಗಳೂರಿನ ಡಬ್ಬಿಂಗ್ ಕಂಪನಿಯವರು ಕಳಿಸಿದ ದೃಶ್ಯಗಳಿಗೆ ತುಟಿ ಅಲ್ಲಾಡುವುದಕ್ಕೆ ಸರಿಯಾಗಿ ಮಾತು ಕೂಡಿಸಿ ಕಳಿಸುತ್ತಿದ್ದೆ. ಮೊದಲ ಕಂತುಗಳಲ್ಲಿ ಎಲ್ಲರೂ ಪುಸ್ತಕದ ಕನ್ನಡವನ್ನೇ ಆಡಿದರು. ನಗು ಸಾಲದು ಎಂದು ಅಲ್ಲಿಂದ ಫೋನ್ ಬಂತು. "ಕಳ್ಳನಿಗೆ ನಿಮ್ಮ ಕಡೆ ಭಾಷೆ ಕೊಡಿ ಸಾರ್, ಮಜಾ ಇರುತ್ತೆ." ನಾನು ಹಿಂದೆ ಮುಂದೆ ನೋಡದೆ ಕೊಟ್ಟೆ.

ಕೊಟ್ಟದ್ದು ಯಾರ ಮಾತು? ನನ್ನ ಅವ್ವನದು. ನಮ್ಮೂರು ಸಂತಪುರದ ಮನೆಗೆ ಯಾರೇ ಬರಲಿ, ಏಳು ವರ್ಷದ ಕೂಸೇ ಬರಲಿ, ಅವ್ವ ಮೊದಲು ಕೇಳುವುದು "ಬರ್ರಿ, ಊಟ ಆತೇನ್ರಿ?" ಎಂದೇ. ಅದನ್ನೇ ಎತ್ತಿ ಕಳ್ಳನ ಬಾಯಿಗೆ ಹಾಕಿದೆ. ತಿಜೋರಿ ಒಡೆಯುವ ಮುಂಚೆ ಅವನು ಮನೆಯವರ ಮುಂದೆ ಕೈಮುಗಿದು ನಿಂತು ಊಟ ಆಯಿತೇ ಎಂದು ವಿಚಾರಿಸುತ್ತಾನೆ, ಅಷ್ಟರಲ್ಲಿ ಸಿಕ್ಕಿಬೀಳುತ್ತಾನೆ. ಮಕ್ಕಳಿಗೆ ಅದು ಭಾರೀ ಹಿಡಿಸಿತು. ಭಾಲ್ಕಿಗೆ ನೆಂಟರ ಮದುವೆಗೆ ಹೋದಾಗ, ಪಂಕ್ತಿಯಲ್ಲಿ ಕೂತ ಮಕ್ಕಳು ಬಡಿಸುವವರಿಗೆಲ್ಲ ಅದನ್ನೇ ಕೂಗಿ ಮೂಗು ಹಿಂಡಿ ತೋರಿಸುತ್ತಿದ್ದರು. ನಾನು ಉಬ್ಬಿಹೋದೆ. ಬರೆದವನು ನಾನೇ ಎಂದು ಪಕ್ಕದವರಿಗೆ ಹೇಳಿಯೂ ಬಿಟ್ಟೆ. ನೆನೆದರೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ.

ದೀಪಾವಳಿ ರಜೆಯಲ್ಲಿ ಅವ್ವ ಬಸ್ಸು ಹಿಡಿದು ಬೀದರಿಗೆ ಬಂದಳು. ಮಗಳ ಗೆಳತಿಯರು ನಾಲ್ವರು ಟೀವಿ ಮುಂದೆ ಕೂತಿದ್ದರು. ಅವ್ವ ಚೀಲ ಇಳಿಸಿ, ಅವರ ಕಡೆ ತಿರುಗಿ, "ಊಟ ಆತೇನ್ರಿ?" ಎಂದಳು.

ಹುಡುಗಿಯರು ಬಿದ್ದು ಬಿದ್ದು ನಕ್ಕರು. ಒಬ್ಬಳು ಅವ್ವನ ಮುಖದ ಹತ್ತಿರ ಬಂದು ಸೀನಿದ ಹಾಗೆ ಮಾಡಿದಳು. ನನ್ನ ಮಗಳೂ ನಕ್ಕಳು. ಏನೆಂದು ತಿಳಿಯದ ಅವ್ವ, ಮಕ್ಕಳು ತನ್ನನ್ನು ಕಂಡು ಖುಷಿಪಟ್ಟರೆಂದುಕೊಂಡು ತಾನೂ ನಕ್ಕಳು. ಬಾಗಿಲಲ್ಲಿ ನಿಂತಿದ್ದ ನಾನು ಅವಳ ಚೀಲ ಎತ್ತಿ ಒಳಗಿಟ್ಟು ಬಂದೆ.

ಆಮೇಲೆ ಅವ್ವ ಅವರ ನಡುವೆಯೇ ಕೂತು ಕಾರ್ಟೂನ್ ನೋಡಿದಳು. ಕಳ್ಳ ಬಂದ, ಊಟ ಆತೇನ್ರಿ ಎಂದು ಕೇಳಿದ, ಸಿಂಬಳದಲ್ಲಿ ಮುಳುಗಿದ.

"ಅಲ್ಲಪಾ, ಮಂದಿಗಿ ಊಟ ಕೇಳಾಂವ ಇಂವ ಒಬ್ಬನೇ ಇದ್ದಾನ," ಎಂದು ಅವ್ವ ನನ್ನ ಕಡೆ ನೋಡಿದಳು. "ಇವನ ಮೈಮ್ಯಾಲೇ ಯಾಕ ಸಿಂಬಳ ಸುರೀತಾರ?"

ನಾನು ಬಾಯಿ ತೆರೆಯುವ ಮೊದಲೇ ಮಗಳು ಹೆಮ್ಮೆಯಿಂದ ಹೇಳಿದಳು: "ಅದು ನಿಂದೇ ಮಾತು, ಅಜ್ಜಿ. ಪಪ್ಪಾನೇ ಬರದಾರ."

ಅವ್ವ ಸೆರಗಿನಿಂದ ಒಮ್ಮೆ ಮುಖ ಒರೆಸಿಕೊಂಡಳು, ಅಲ್ಲಿ ಏನೋ ಸಿಡಿದಿದೆ ಎಂಬ ಹಾಗೆ. ಅಂದು ನನ್ನ ಮೇಲೆ ನನಗೆ ಹುಟ್ಟಿದ ಹೇಸಿಗೆಯ ಮುಂದೆ ಆ ಹುಡುಗನ ಸಿಂಬಳ ಏನೇನೂ ಅಲ್ಲ.

ಆ ಕೆಲಸ ಬಿಟ್ಟೆ. ಹಳೆಯ ಕಂತುಗಳು ದಿನವೂ ಬರುತ್ತಲೇ ಇವೆ. ಅವ್ವ ಇನ್ನೂ ಎಂಟು ದಿನ ನಮ್ಮಲ್ಲಿದ್ದಳು. ಮಗಳ ಗೆಳತಿಯರು ಬಂದಾಗಲೆಲ್ಲ ಒಳಗೆ ಹೋಗಿ ಉಂಡೆ ತಂದು ಸುಮ್ಮನೆ ಅವರ ಮುಂದೆ ಇಡುತ್ತಿದ್ದಳು. ಊಟ ಆಯಿತೇ ಎಂದು ಮಾತ್ರ ಯಾರನ್ನೂ ಕೇಳಲಿಲ್ಲ. ನನ್ನನ್ನೂ ಕೇಳಲಿಲ್ಲ.