ಮಾವನ ಹೊಲಿಗೆ ಬಿಚ್ಚಿದ ಸೊಸೆ

ಬೆಳಗಿನ ಐದೂವರೆ. ಗ್ರಂಥಾಲಯದ ಹಿಂಬದಿಯ ಕೋಣೆಯಲ್ಲಿ ಬೈಂಡಿಂಗ್ ಕೆಲಸದ ಹೆಂಗಸು ಒಲೆಯ ಮೇಲೆ ಅಂಟು ಕಲಕುತ್ತಿದ್ದಾಳೆ. ಮೂಲೆಯ ಸ್ಟೂಲಿನಲ್ಲಿ ಅವಳ ಮಾವ ದಾರಕ್ಕೆ ಮೇಣ ಹಚ್ಚುತ್ತಿದ್ದಾರೆ. ವಯಸ್ಸು ಎಂಬತ್ತನಾಲ್ಕು.

"ಅಂಟು ತಳ ಹಿಡೀತಿದೆ."

"ಸೂಜಿ ಕಣ್ಣು ಕಾಣಲ್ಲ, ಇದು ಮಾತ್ರ ಕಾಣುತ್ತೆ ನಿಮಗೆ."

"ಕಾಣೋದಲ್ಲಮ್ಮ, ಮೂಗಿಗೆ ಬಡೀತಿದೆ."

ತೀರಿಹೋದ ನನ್ನ ಹೆಂಡತಿಯ ಪ್ರಾರ್ಥನೆಯ ಪುಸ್ತಕ ಬಿಡಿಬಿಡಿಯಾಗಿತ್ತು. ಅದನ್ನು ಹೊಲಿಸಲು ಕೊಡಲು ಬಂದ ನನಗೆ ಇವರ ಪರಿಚಯವಾಯಿತು. ಇಲ್ಲಿ ಮೊದಲು ಪುಸ್ತಕ ಹೊಲಿಯುತ್ತಿದ್ದವರು ಮಾವ. ಈಕೆಯ ಗಂಡ ಬಸ್ಸಿನ ಡ್ರೈವರ್. ಮಗನಿಗೆ ಬೇಡವಾದ ಸೂಜಿಯನ್ನು ಸೊಸೆ ಹಿಡಿದು ಇಪ್ಪತ್ತೆರಡು ವರ್ಷ. ಹೊಸ ಪುಸ್ತಕವಾದರೆ ದಿನಕ್ಕೆ ಎಂಟು, ಹಳೆಯದಾದರೆ ಒಂದಕ್ಕೆ ಮೂರು ದಿನ. ಬೆರಳ ತುದಿಗಳು ಒರಟಾಗಿ ಜಡ್ಡುಗಟ್ಟಿವೆ.

ಈ ವರ್ಷ ಅವಳ ಕೈಗೆ ಬಂದದ್ದು, ಬಹಳ ಹಿಂದಿನ ಶಾಲಾ ಮೇಷ್ಟ್ರೊಬ್ಬರ ಗಣಿತದ ನೋಟುಪುಸ್ತಕ. ಅದರಲ್ಲಿದ್ದ ಮಾತು ಇಷ್ಟು: ಕಡಿಯದೆ ಸಾಗುವ ಗೆರೆಯೊಂದು ಸೊನ್ನೆಯ ಕೆಳಗಿನಿಂದ ಮೇಲಕ್ಕೆ ಹೋದರೆ, ನಡುವೆ ಎಲ್ಲಾದರೂ ಸೊನ್ನೆಯನ್ನು ಮುಟ್ಟಲೇಬೇಕು. ಕಣ್ಣಿಗೆ ಕಾಣುವ ಮಾತು, ಸಾಧಿಸುವುದೇನಿದೆ ಎಂದು ಆಗ ಎಲ್ಲರೂ ಸುಮ್ಮನಿದ್ದರು. ಮೇಷ್ಟ್ರು ಚಿತ್ರ ನಂಬಲಿಲ್ಲ. ಸಂಖ್ಯೆಗಳ ಸಾಲಿನಲ್ಲಿ ಎಲ್ಲೂ ಸಂದಿಲ್ಲವೆಂದು ಮೊದಲು ತೋರಿಸಿ, ಆ ಬಲದ ಮೇಲೆ ಇದನ್ನು ಸಾಧಿಸಲು ಹೊರಟರು. ಆದರೆ ನೋಟುಪುಸ್ತಕದಲ್ಲಿ ಸಾಧನೆ ಮೊದಲು ಬಂದಿತ್ತು, ಅದರ ಆಧಾರ ಆಮೇಲೆ ಬಂದಿತ್ತು. ಸಾಧಿಸಬೇಕಾದದ್ದನ್ನೇ ಮೇಷ್ಟ್ರು ಮೊದಲು ನಂಬಿಕೊಂಡುಬಿಟ್ಟಿದ್ದಾರೆ ಎಂದು ಓದಿದವರೆಲ್ಲ ಪಕ್ಕಕ್ಕಿಟ್ಟರು.

ಈಕೆ ಓದಿದ್ದು ಏಳನೆಯ ತರಗತಿ. ಗಣಿತ ನೋಡಲಿಲ್ಲ, ಹುಳು ಕೊರೆದ ತೂತು ನೋಡಿದಳು. ಹಾಳೆಗಳನ್ನು ಮಡಚಿ ಕಟ್ಟುಕಟ್ಟಾಗಿ ಹೊಲಿದ ಪುಸ್ತಕ ಅದು. ಮೂರನೆಯ ಕಟ್ಟಿನ ಕೊನೆಯ ಹಾಳೆಯಲ್ಲಿದ್ದ ತೂತು ನಾಲ್ಕನೆಯ ಕಟ್ಟಿನಲ್ಲಿ ಇಲ್ಲ. ಐದನೆಯದರಲ್ಲಿ ಅದೇ ಜಾಗದಲ್ಲಿ ಇದೆ.

"ಹುಳು ಒಂದು ಕಟ್ಟು ಬಿಟ್ಟು ಇನ್ನೊಂದಕ್ಕೆ ನೆಗೆಯುತ್ತಾ ಸಾರ್? ಅದು ತಿನ್ನುವಾಗ ಐದನೇದು ಮೂರನೇದಕ್ಕೆ ಅಂಟಿಕೊಂಡೇ ಇತ್ತು. ಆಮೇಲೆ ಹೊಲಿದವರು ಹಿಂದುಮುಂದು ಮಾಡಿದಾರೆ. ಪುಟಕ್ಕೆ ನಂಬರೂ ಇಲ್ಲ."

ಹೊಲಿದವರು ಯಾರೆಂದು ಗಂಟು ನೋಡಿದ ಕೂಡಲೇ ಅವಳಿಗೆ ತಿಳಿಯಿತು. ಎಡಕ್ಕೆ ಎರಡು ಸುತ್ತು. ಮಾವ ಅವಳಿಗೆ ಕಲಿಸಿದ ಗಂಟು ಅದೇ.

ಎರಡು ದಿನ ಬಾಯಿ ಬಿಡಲಿಲ್ಲ. ಹಾಗೇ ಹೊಲಿದಿಟ್ಟರೆ ಕೇಳುವವರಿಲ್ಲ. ಬಿಚ್ಚಿದರೆ, ಐವತ್ತು ವರ್ಷ ತಪ್ಪಿಲ್ಲದ ಕೈ ಎನಿಸಿಕೊಂಡ ಮಾವನ ಹೆಸರು ಹೋಗುತ್ತದೆ. ಮೂರನೆಯ ದಿನ ಬೆಳಿಗ್ಗೆ ನೋಟುಪುಸ್ತಕವನ್ನು ತಂದು ಅವರ ತೊಡೆಯ ಮೇಲಿಟ್ಟು, ಅವರ ಬೆರಳನ್ನು ತೂತಿನ ಮೇಲೆ, ಆಮೇಲೆ ಗಂಟಿನ ಮೇಲೆ ಇರಿಸಿದಳು. ಅವರು ಬಹಳ ಹೊತ್ತು ತಡವಿದರು.

"ನಂದೇ."

"ಹೂಂ, ಮಾವ."

"ಎಷ್ಟು ದಿನದಿಂದ ಗೊತ್ತು?"

"ಎರಡು ದಿನ."

"ಅದಕ್ಕೇ ಸಾರಿಗೆ ಉಪ್ಪಿರಲಿಲ್ಲ. ಕತ್ತರಿ ತಗೊಳಮ್ಮ, ಬಿಚ್ಚು. ಪಾಪ, ಆ ಮೇಷ್ಟ್ರನ್ನ ಐವತ್ತು ವರ್ಷ ತಲೆಕೆಳಗಾಗಿ ನಿಲ್ಲಿಸಿಬಿಟ್ಟಿದ್ದೆ."

ಮಾವನೇ ಹೇಳಿಕಳಿಸಿದ ಮೇಲೆ ಗಣಿತದ ಪ್ರೊಫೆಸರ್ ಬಂದು, ನಿಂತಲ್ಲೇ ನಿಂತು ಹೊಸ ಕ್ರಮದಲ್ಲಿ ಓದುತ್ತಾರೆ. ಕೊನೆಗೆ ಕನ್ನಡಕ ತೆಗೆದು, "ವಾದ ಸರಿಯಾಗಿದೆ. ಇದನ್ನ ಇಷ್ಟು ಬಿಗಿಯಾಗಿ ಬೇರೆಯವರು ಹೇಳೋಕೆ ಇನ್ನೂ ಮೂವತ್ತು ವರ್ಷ ಹಿಡೀತು," ಎನ್ನುತ್ತಾರೆ. ಗ್ರಂಥಾಲಯದ ಪಟ್ಟಿಯಲ್ಲಿ ಈಗ ಮೇಷ್ಟ್ರ ಹೆಸರಿನ ಮುಂದೆ, ಅವರ ವಾದ ಸರಿಯೆಂಬ ಹೊಸ ಮಾತು ಸೇರಿದೆ. ಈಕೆಯ ಹೆಸರಿಲ್ಲ, ಬೇಕೆಂದೂ ಅನಿಸಿಲ್ಲವಂತೆ.

ನನ್ನ ಪುಸ್ತಕ ಕೈಗಿಡುತ್ತ ಹೇಳುತ್ತಾಳೆ: "ನಾನೂ ಎಲ್ಲೋ ತಪ್ಪು ಹೊಲಿದಿರ್ತೀನಿ ಸಾರ್. ನನ್ನ ಗಂಟು ಅಂತ ನೋಡದೆ ಬಿಚ್ಚೋ ಕೈ ಈ ಮೇಜಿಗೆ ಬಂದರೆ ಸಾಕು."